ಬಲಭುಜದ ಹೂವು

ಇರುವೆಗಳು ಮತ್ತೆ ಹೊರಟಿವೆ, ಹೊಸ್ತಿಲ ಸಂದಿನಿಂದ ಎದ್ದು, ಜೋಳದ ಚೀಲದ ಬದಿ ಹಾದು, ಗೋಡೆ ಹತ್ತಿ ನೆಟ್ಟಗೆ ಮನೆದೇವರು ಬೀರಪ್ಪನ ಗೂಡಿನ ಕಡೆಗೆ, ಒಂದರ ಹಿಂದೆ ಒಂದು — ಪುಣ್ಯವಂತ ಪ್ರಾಣಿಗಳು, ಯಾವ ದಾರಿ ಹಿಡಿಯಲಿ ಎಂದು ಯಾರನ್ನೂ ಕೇಳುವ ಗರಜಿಲ್ಲ, ಬೆಲ್ಲ ಎಲ್ಲಿದೆಯೋ ಅದೇ ದಾರಿ — ಬೆಲ್ಲ ಎಂಬ ಮಾತು ಮನಸ್ಸಿಗೆ ಬಂದದ್ದೇ ತಡ ಫಕ್ಕೀರವ್ವ ಮುಖ ತಿರುಗಿಸಿದಳು, ಕಾಸಿದ ಉಪ್ಪಿನ ಗಂಟನ್ನು ಮೊಣಕಾಲಿಗೆ ಇನ್ನಷ್ಟು ಒತ್ತಿದಳು, ಸುಡಲಿ, ಈ ಹಾಳು ಮೊಣಕಾಲು ಸುಟ್ಟೇ ಹೋಗಲಿ, ಇದೊಂದು ನೆಟ್ಟಗಿದ್ದಿದ್ದರೆ ಇಷ್ಟು ಹೊತ್ತಿಗೆ ಅವಳೂ ಹಿಂಡಿನ ಹಿಂದೆ ಇರುತ್ತಿದ್ದಳು, ಕುದುರೆಯ ಮೇಲೆ ಪಾತ್ರೆ ಪಡಗ, ಬುಟ್ಟಿಯಲ್ಲಿ ಎಳೆ ಮರಿಗಳು, ಚಳಿ ಬಿತ್ತೆಂದರೆ ದಕ್ಷಿಣಕ್ಕೆ, ಭತ್ತ ಕೊಯ್ದ ಗದ್ದೆಗಳ ನಾಡಿಗೆ. ಲಗ್ನವಾಗಿ ಬಂದಾಗಿನಿಂದ ಒಂದು ಚಳಿಗಾಲವೂ ಅವಳು ಕುರ್ತಕೋಟಿಯ ಈ ಸೂರಿನ ಕೆಳಗೆ ಮಲಗಿದವಳಲ್ಲ, ಹೋದ ವರ್ಷದ ತನಕ. ಹೋದ ವರ್ಷ ಮೊದಲ ಸಲ ಮನೆಯಲ್ಲಿ ಉಳಿದಳು, ಉಳಿದದ್ದಕ್ಕೆ ಕಂಬಳಿ ಹೋಯಿತು.

ಅವಳೇ ನೂತ ನೂಲು ಅದು, ಕರಿಕುರಿಯದು, ಅಂಚಿಗೆ ಕೆಂಪು ಎಳೆ ಹಾಕಿಸಿದ್ದೂ ಅವಳೇ, ಗಂಡ ಸಕ್ರಪ್ಪ ಬರಿ ಹೆಗಲಿನಲ್ಲಿ ಮನೆಗೆ ಬಂದಾಗ ಮೊದಲು ಕೇಳಿದ್ದೇ ಅದನ್ನು, ಕಂಬಳಿ ಎಲ್ಲಿರಿ, ಅವನು ನೀರು ಕುಡಿಯುತ್ತ, ಹೊಳಿ ದಂಡ್ಯಾಗ ಒಣಗಾಕ ಹಾಕಿದ್ದೆ, ಮರತ ಬಂದೆ. ಮರತ ಬಂದೆ! ಎಣಿಸದೆಯೇ ಒಂದು ಕುರಿ ಕಮ್ಮಿ ಇದೆ ಎಂದು ಹೇಳುವ ಮನುಷ್ಯ ಹೆಗಲ ಮೇಲಿನ ಕಂಬಳಿ ಮರೆಯುತ್ತಾನೆಯೇ, ಆದರೂ ನಂಬಿದಳು, ನಂಬಿ ಒಂದು ವಾರ ಸುಖವಾಗಿದ್ದಳು, ಆಮೇಲೆ ಹಿಂಡಿನ ಜೊತೆ ಹೋಗಿಬಂದ ಸೊಸೆ ಶೈಲಾ ಫೋನಿನಲ್ಲಿ ಫೋಟೋ ತೋರಿಸುತ್ತ ಕೂತಳು, ನೋಡ್ರಿ ಅತ್ತಿ ಇದು ಸಿಂಗಟಾಲೂರು, ಇದು ನಮ್ಮ ಬಿಳಿ ಮರಿ, ಇಕಿ ಹನಮಂತವ್ವಕ್ಕ — ಹನಮಂತವ್ವ ತನ್ನ ಕಟ್ಟೆಯ ಮೇಲೆ ಕೂತು ನಗುತ್ತಿದ್ದಾಳೆ, ಕುತ್ತಿಗೆಯ ತನಕ ಹೊದ್ದದ್ದು ಕರಿ ಕಂಬಳಿ, ಕೆಂಪು ಅಂಚು. ಆಕಿಗೆ ಜ್ವರ ಬಂದಿತ್ರಿ ಅತ್ತಿ, ಮಾವ ಹೊಚ್ಚಿ ಬಂದ್ರು. ಹೊಚ್ಚಿ ಬಂದ್ರು, ಎಷ್ಟು ಸಲೀಸಾಗಿ ಅಂದಳು ಹುಡುಗಿ, ಇರಲಿ, ಜ್ವರ ಬಂದವರಿಗೆ ಹೊದಿಸಬಾರದು ಎಂದು ಯಾರು ಅಂದರು, ಫಕ್ಕೀರವ್ವನೇ ಇದ್ದಿದ್ದರೆ ಅವಳೇ ಹೊದಿಸುತ್ತಿದ್ದಳು, ಆದರೆ ಮರತ ಬಂದೆ ಎಂದು ಯಾಕೆ ಹೇಳಬೇಕು, ಸುಳ್ಳು ಯಾಕೆ, ಅಲ್ಲೇ ಅವಳ ಹೊಟ್ಟೆಗೆ ಬೆಂಕಿ ಬಿದ್ದದ್ದು, ಇನ್ನೂ ಆರಿಲ್ಲ.

ಹನಮಂತವ್ವ ಕೆಟ್ಟವಳೂ ಅಲ್ಲ, ಅದೇ ಇನ್ನೂ ಕೆಟ್ಟದ್ದು, ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು, ಗಂಡ ತೀರಿದ ಮೇಲೆ ಹೊಳೆದಂಡೆಯ ಹೊಲ ಒಬ್ಬಳೇ ನಡೆಸುವವಳು, ಗೊಬ್ಬರಕ್ಕೆಂದು ಪ್ರತಿ ವರ್ಷ ಇವರ ಹಿಂಡನ್ನೇ ರಾತ್ರಿ ತನ್ನ ಹೊಲದಲ್ಲಿ ತರುಬಿಸಿಕೊಳ್ಳುವವಳು, ಬರ್ರಿ ಅಣ್ಣಾ, ಕುಂಡ್ರಿ ಅಣ್ಣಾ, ಬಿಸಿ ರೊಟ್ಟಿ ಮ್ಯಾಲೆ ರಂಜಕ ಹಾಕ್ಲೇನಣ್ಣಾ — ಅಣ್ಣಾ ಅನ್ನಲಿಕ್ಕೆ ಬಾಯಿಗೇನು ಖರ್ಚು — ಮತ್ತು ಈ ಮನುಷ್ಯ, ಕಟ್ಟಿಕೊಂಡವಳು ಪಕ್ಕದಲ್ಲೇ ಕೂತಿದ್ದಾಳೆಂಬ ಖಬರಿಲ್ಲದೆ, ಬೆರಳು ನೆಕ್ಕಿ, ಇಂಥಾ ರಂಜಕ ನಾ ಎಲ್ಲೂ ತಿಂದಿಲ್ಲ ನೋಡವಾ. ಎಲ್ಲೂ ತಿಂದಿಲ್ಲ! ಹಾಗಾದರೆ ಅವಳು ಪ್ರತಿ ವರ್ಷ ಕೆಂಪು ಮೆಣಸಿನಕಾಯಿ ಕುಟ್ಟಿ ಕೈ ಉರಿಸಿಕೊಂಡು ಡಬ್ಬಿ ತುಂಬುವುದು ಏನು, ಮಣ್ಣೇ? ಅದಕ್ಕೇ ಈ ಸಲ ದಾರಿಯ ಮಾತು ಎದ್ದಾಗ ಅವಳು ಕಿವಿ ನಿಮಿರಿಸಿ ಕೂತದ್ದು. ಹೊಳೆಯ ದಾರಿಯೇ ಛಲೋ, ಮುಂಡರಗಿ ದಾಟಿ ಸಿಂಗಟಾಲೂರು ಹಿಡಿದರೆ ನೀರಿಗೆ ಬರವಿಲ್ಲ, ಗುರುತಿನ ಮಂದಿ ಇದ್ದಾರೆ ಎಂದ ಸಕ್ರಪ್ಪ, ಅದ್ಯಾಕಪ್ಪಾ ಅಷ್ಟು ಸುತ್ತಬೇಕು, ಲಕ್ಷ್ಮೇಶ್ವರ ಶಿರಹಟ್ಟಿ ಮ್ಯಾಲೆ ಎರಿಹೊಲದಾಗಿಂದ ಜಲ್ದಿ ಆಗತೈತಿ ಎಂದ ಮಗ ಕನಕರಾಜ, ಹುಳಕ್ಕಂತ ಎಣ್ಣಿ ಹೊಡದ ಹತ್ತಿ ತಿಂದು ಹೋದ ವರ್ಷ ಆ ದಾರ್‍ಯಾಗ ಹುಚ್ಚೀರಪ್ಪನ ಅರ್ಧ ಹಿಂಡ ಬಾಯಾಗ ಬುರುಗು ಬಂದು ಸತ್ತದ್ದು ಮರತೇನು ಎಂದ ಅಪ್ಪ, ಎಲ್ಲಾರೂ ಎಣ್ಣಿ ಹೊಡಿತಾರೇನು ಎಂದ ಮಗ, ಅಪ್ಪ ಮಗನ ಮಾತು ಏರುತ್ತ ಹೋಯಿತು, ಕಡೆಗೆ ಸಕ್ರಪ್ಪ, ಆತು, ಬೀರಪ್ಪನ್ನ ಕೇಳೋಣು, ಬಲದ ಹೂವು ಬಿದ್ರ ಹೊಳಿ, ಎಡದ್ದು ಬಿದ್ರ ಎರಿ, ಫಕ್ಕೀರಿ, ಹೂವು ಹಚ್ಚು.

ಈ ಮನೆಯಲ್ಲಿ ಹೂವು ಹಚ್ಚುವುದು ಅವಳ ಕೈ, ಅತ್ತೆ ಸಾಯುವ ಮುಂದೆ ಒಪ್ಪಿಸಿ ಹೋದದ್ದು, ನೀರಷ್ಟ ಹಚ್ಚಬೇಕವಾ, ಒಂದು ಹನಿ, ಬೀಳೂದು ನಿಲ್ಲೂದು ಅಪ್ಪನ ಇಚ್ಛಾ. ಎಡಭುಜದ ಚೆಂಡುಹೂವಿಗೆ ನೀರು ಹಚ್ಚಿದಳು, ಒಂದೇ ಹನಿ, ಸುಳ್ಳಿಲ್ಲ. ಬಲದ್ದನ್ನು ಎತ್ತಿಕೊಂಡಾಗ ಕಣ್ಣ ಮುಂದೆ ಕೆಂಪು ಅಂಚು, ಆ ನಗು, ಪಕ್ಕದಲ್ಲೇ ನೈವೇದ್ಯದ ಬೆಲ್ಲದ ಬಟ್ಟಲು, ನೀರೊಡೆದು ಅಂಟಂಟಾಗಿತ್ತು, ಬೆರಳು ತಾನೇ ಅದರೊಳಗೆ ಹೋಯಿತು — ತಾನೇ ಹೋಗಲಿಲ್ಲ ಹೋಗೇ, ನೀನೇ ಅದ್ದಿದ್ದು — ಅದ್ದಿ ಹೂವಿನ ಬುಡಕ್ಕೆ ಸವರಿ ಬಲಭುಜಕ್ಕೆ ಒತ್ತಿ ಹಿಡಿದಳು, ಹಿಂದೆ ಮೂವರೂ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಎಡದ ಹೂವು ಪಟ್ಟನೆ ಬಿತ್ತು. ಸಕ್ರಪ್ಪನ ಮುಖ ಬಾಡುತ್ತದೆ, ಬಾಡಿದರೆ ಗುಟ್ಟು ತಿಳಿಯುತ್ತದೆ ಎಂದು ಓರೆಗಣ್ಣಿನಲ್ಲಿ ಕಾದಳು, ಅವನ ಮುಖದಲ್ಲಿ ಏನೂ ಇರಲಿಲ್ಲ, ಬಿದ್ದ ಹೂವನ್ನು ಕಣ್ಣಿಗೆ ಒತ್ತಿಕೊಂಡು ರುಮಾಲಿನಲ್ಲಿ ಸಿಗಿಸಿದ, ಫಕ್ಕೀರಿ ಕೈಯಾನ ಹೂವು ಎಂದೂ ಸುಳ್ಳ ಹೇಳಿಲ್ಲ ಎಂದ, ಎರಿಹೊಲದ ದಾರಿ ಹಿಡಿದು ಹೋಗಿಬಿಟ್ಟ. ಆಗ ಎಷ್ಟು ಹಿಗ್ಗಿದಳು, ಗೆದ್ದೆ ಎಂದುಕೊಂಡಳು, ಹನಮಂತವ್ವ ರಂಜಕ ಹಿಡಿದುಕೊಂಡು ದಾರಿ ಕಾಯಲಿ ಎಂದುಕೊಂಡಳು. ಮರುದಿನ ಬೆಳಿಗ್ಗೆ ಗೂಡು ಒರೆಸಲು ಹೋದರೆ ಬಲದ ಹೂವು ಅಲ್ಲೇ ಇತ್ತು, ಎಳೆದರೂ ಬರಲಿಲ್ಲ, ಉಗುರು ಹಾಕಿ ಕೆರೆಯಲು ಕೈ ಏಳಲಿಲ್ಲ, ಅದರ ಮರುದಿನವೂ ಅಲ್ಲೇ ಇತ್ತು, ಬಾಡಿತು, ಕಂದಿತು, ಬೀಳಲಿಲ್ಲ, ಮತ್ತೆ ಈ ಇರುವೆಗಳು —

ಫೋನು. ಶೈಲಾ. ಅತ್ತೀ, ನೀವರ ಹೇಳ್ರಿ ಮಾವಗ, ಬೆಳ್ಳಟ್ಟಿ ದಾಟಿ ಹತ್ತಿಹೊಲದಾಗ ನಿಂತೇವಿ, ಎಣ್ಣಿ ವಾಸನಿ ಮೂಗಿಗೆ ಬಡ್ಯಾಕತ್ತೈತಿ, ಕುರಿ ಹಸದು ಬಾಯಿ ಹಾಕಾಕ ಹೊಂಟಾವು, ನಾ ಬ್ಯಾಡ ಅಂದೆ, ನಿಮ್ಮ ಮಗಾನೂ ಈಗ ಬ್ಯಾಡ ಅನ್ನಾಕತ್ತಾನ, ಮಾವ ಕೇಳವಲ್ರು, ಬೀರಪ್ಪ ಕೊಟ್ಟ ದಾರಿ, ಇಲ್ಲಿ ಏನೂ ಆಗಂಗಿಲ್ಲ ಅಂತಾರ. ಹಿಂದೆ ಕುರಿಗಳ ಸದ್ದು, ಎಳೆ ಮರಿಯೊಂದರ ಕೂಗು, ಆ ಬಿಳಿಯದರ ಮರಿಯೇ ಇರಬೇಕು, ಆಮೇಲೆ ಅವನ ದನಿ, ಏ ಫಕ್ಕೀರಿ, ಈ ಹುಡುಗಿಗೆ ಒಂದು ಮಾತು ಹೇಳು, ನೀ ಹಚ್ಚಿದ ಹೂವಲ್ಲೇನು ಅದು? ವಾಸನಿ ಬರತೈತಂತಲ್ರಿ, ಎಂದಳು. ಅವನು ನಕ್ಕ, ದೇವ್ರಿಗಿಂತ ಶೈಲಾನ ಮೂಗು ದೊಡ್ಡದೇನು, ಎಂಥಾ ನಗು, ನಂಬಿಕೆಯ ನಗು, ಈಗ ಬೆಲ್ಲದ ಮಾತು ಹೇಳಿದರೆ ಆ ನಗು ಮತ್ತೆ ಅವಳ ಪಾಲಿಗಿಲ್ಲ, ಹೇಳಿದರೆ ಹಿಂಡು ತಿರುಗುತ್ತದೆ, ಕುರಿ ಉಳಿಯುತ್ತವೆ, ತಿರುಗಿ ಹೊಳೆಗೇ ಹೋಗುತ್ತದೆ, ಸಿಂಗಟಾಲೂರಿಗೇ, ಬರ್ರಿ ಅಣ್ಣಾ ಕುಂಡ್ರಿ ಅಣ್ಣಾ — ಥೂ, ಹಿಂಡಿಗೆ ಹಿಂಡೇ ಸಾವಿನ ಬಾಯಲ್ಲಿ ನಿಂತಿರುವಾಗಲೂ ನಿನಗೆ ಆ ಕೆಂಪು ಅಂಚೇ ಕಾಣುತ್ತದಲ್ಲೇ — ಫಕ್ಕೀರಿ, ಕೇಳ್ಸಾಕತ್ತೈತೇನು, ಹೂಂ ಅಂದ್ರ ಬಿಡ್ತೀನಿ ಕುರಿ — ಬಾಯಿ ತೆರೆದಿದ್ದಾಳೆ, ಮಾತು ನಾಲಿಗೆಯ ತುದಿಯಲ್ಲಿದೆ, ಕಣ್ಣು ಗೋಡೆ ಹತ್ತಿದೆ, ಇರುವೆಗಳ ಹಿಂದೆಯೇ ಹತ್ತಿ ಗೂಡು ಮುಟ್ಟಿದೆ, ಬೀರಪ್ಪನ ಬಲಭುಜ ಇರುವೆಗಳಿಂದ ಕಪ್ಪಾಗಿದೆ, ಒಣಗಿದ ಹೂವಿನ ಎಸಳೊಂದೊಂದನ್ನೂ ಅವು ಅಲುಗಿಸುತ್ತಿವೆ, ಅಲುಗುತ್ತಿದೆ, ಹೂವು ಬೀಳುತ್ತಿಲ್ಲ, ಏ ಫಕ್ಕೀರಿ, ಬಲಭುಜದ ಹೂವು, ಬೀಳುತ್ತಿಲ್ಲ.