ಖಾಲಿ ಹೊಟ್ಟೆಯ ಪ್ರಸಾದ

ಹರಿಹರದಲ್ಲಿ ಹಗ್ಗ, ಗೋಣಿಚೀಲದ ಅಂಗಡಿ ಇಟ್ಟಿರುವ ಪಂಚಾಕ್ಷರಪ್ಪನವರನ್ನು ಆಪರೇಷನ್ ಥಿಯೇಟರಿನ ಬಾಗಿಲಿನಿಂದ ವಾಪಸು ತಳ್ಳಿಕೊಂಡು ಬಂದಾಗ ಮಗಳು ವಾಣಿಶ್ರೀ ವಾರ್ಡಿನಲ್ಲಿ ಅಪ್ಪನ ಧೋತರ ಮಡಿಸುತ್ತಿದ್ದಳು. ಒಳಗೆ ಹೋದವರು ಇಷ್ಟು ಬೇಗ ಬಂದರೆಂದರೆ ಕೆಲಸ ಆಗಿಲ್ಲವೆಂದೇ ಲೆಕ್ಕ. ಸ್ಟ್ರೆಚರ್ ತಳ್ಳುತ್ತಿದ್ದ ಶಿವು ಅವಳ ಮುಖ ನೋಡದೆ, ಇವತ್ತು ಇಲ್ಲವಂತೆ ಅಂದ. ಯಾಕಂತೆ ಎಂದರೆ, ಸಿಸ್ಟರನ್ನು ಕೇಳಿ ಅಂದ.

ನಿನ್ನೆಯೂ ಹೀಗೇ. ನಿನ್ನೆಯೂ ಇದೇ ಹಸಿರು ಅಂಗಿ ತೊಡಿಸಿ, ಇದೇ ಬಾಗಿಲಿನ ತನಕ ಒಯ್ದು, ಇದೇ ಮಾತು ಹೇಳಿ ಕರೆತಂದಿದ್ದರು. ಪಂಚಾಕ್ಷರಪ್ಪನವರಿಗೆ ಆಗಿದ್ದದ್ದು ಹರ್ನಿಯಾ. ಆಳುಗಳಿದ್ದರೂ ಚೀಲದ ಕಟ್ಟು ತಾವೇ ಎತ್ತುವ ಹಟದಿಂದ ಬಂದದ್ದು. ತೊಡೆಸಂದಿಯಲ್ಲಿ ಗಂಟು ಬಿಗಿದು, ನೋವಿಗೆ ಮೊಣಕಾಲು ಎದೆಗೆ ಬರುತ್ತಿತ್ತು. ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಬರುತ್ತದೆ, ತಡ ಮಾಡಬೇಡಿ ಎಂದು ದಾವಣಗೆರೆಯ ಈ ಆಸ್ಪತ್ರೆಯವರೇ ಸೇರಿಸಿಕೊಂಡಿದ್ದರು. ಈಗ ತಡ ಮಾಡುತ್ತಿದ್ದವರೂ ಇವರೇ.

ಪಂಚಾಕ್ಷರಪ್ಪ ಸಿಟ್ಟು ಮಾಡುವವರಲ್ಲ. ಮಂಚದ ಮೇಲೆ ಕೂತು, ಹಸಿರು ಅಂಗಿಯ ದಾರ ಬಿಚ್ಚತೊಡಗಿದರು.

"ಧೋತ್ರ ಕೊಡವ್ವ. ಅವರಿಗೆ ಮಾಡಾ ಮನಸಿಲ್ಲ, ನನಗೆ ಮಾಡಿಸ್ಕಣಾ ಮನಸಿಲ್ಲ. ಹರಿಹರೇಶ್ವರ ಅದಾನೆ, ಮನೆಗೆ ಹೋಗನ."

ಮೊದಲ ಬಸ್ಸಿಗೆ ಹರಿಹರದಿಂದ ಬಿಲ್ವಪತ್ರೆ, ಹೂವು, ಹಣ್ಣು ಹೊತ್ತುಕೊಂಡು ಬಂದಿದ್ದ ತಾಯಿ ಬಸವಣ್ಣೆಮ್ಮ ಆಗಲೇ ಲೋಟ, ತಟ್ಟೆ ಚೀಲಕ್ಕೆ ತುಂಬುತ್ತಿದ್ದರು. ಗಂಡನ ಮಾತಿಗೆ ಎದುರಾಡುವ ಅಭ್ಯಾಸ ಅವರಿಗಿರಲಿಲ್ಲ. ಚೀಲಕ್ಕೆ ಹಾಕಿದ ಲೋಟವನ್ನು ಹೊರಗೆ ತೆಗೆದು ಮತ್ತೆ ಹಾಕುತ್ತಿದ್ದರು, ಅಷ್ಟೇ. ಅಪ್ಪ ಒಮ್ಮೆ ಮನೆ ಸೇರಿದರೆ ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲವೆಂದು ವಾಣಿಶ್ರೀಗೆ ಗೊತ್ತಿತ್ತು. ಸ್ವಲ್ಪ ತಾಳಿರಿ ಅಪ್ಪಾಜಿ, ಕೇಳಿಕೊಂಡು ಬರುತ್ತೇನೆ ಎಂದು ಧೋತರವನ್ನು ಕಂಕುಳಲ್ಲೇ ಇಟ್ಟುಕೊಂಡು ಹೊರಟಳು. ಧೋತರ ಕೈಗೆ ಸಿಗದಿದ್ದರೆ ಆ ಮನುಷ್ಯ ಬೀದಿಗೆ ಇಳಿಯುವವರಲ್ಲ.

ಕೆಳಗಡೆ ವಿಚಾರಣೆಯ ಕೌಂಟರು. ಗಾಜಿನ ಮೇಲೆ ಕೈಮುಗಿದ ಹುಡುಗಿಯ ಚಿತ್ರ, 'ನಿಮ್ಮ ಸೇವೆಗೆ ಸದಾ ನಾವು' ಎಂಬ ಬರಹ. ಗಾಜಿನ ಹಿಂದಿದ್ದವನು ಕಂಪ್ಯೂಟರು ನೋಡಿ, ಪೋಸ್ಟ್‌ಪೋನ್ ಅಂತ ಐತೆ ಅಂದ. ಅದು ನನಗೂ ಗೊತ್ತೈತೆ, ಯಾಕ ಅಂತ ಹೇಳ್ರಿ ಎಂದರೆ, ಅದು ಥಿಯೇಟರಿನವರಿಗೆ ಗೊತ್ತು ಅಂದ. ಥಿಯೇಟರಿನ ಬಾಗಿಲಲ್ಲಿ ಕಾವಲಿಗಿದ್ದ ಮಸ್ತಾನಸಾಬ್ ಮುದುಕ, ಪಾಪ, ಸ್ಟೂಲಿನಿಂದ ಎದ್ದು ನಿಂತು ಮಾತಾಡಿದ.

"ಒಳಗೆ ಯಾರನ್ನೂ ಬಿಡಬ್ಯಾಡ ಅಂತ ಹೇಳ್ಯಾರೆ ತಾಯಿ. ಯಾಕ ಅಂತ ನನಗೂ ಹೇಳಿಲ್ಲ."

ಎಲ್ಲರೂ ಇನ್ನೊಬ್ಬರ ಕಡೆಗೆ ಕೈ ತೋರಿಸುವ ಈ ಕಟ್ಟಡದಲ್ಲಿ, ಕಾರಣ ಗೊತ್ತಿಲ್ಲ ಎಂದು ಒಪ್ಪಿಕೊಂಡವನು ಇವನೊಬ್ಬನೇ. ವಾಣಿಶ್ರೀಗೆ ಅವನ ಮೇಲೆ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ. ಆ ಸಿಟ್ಟನ್ನೂ ಸೇರಿಸಿಕೊಂಡು ಮೆಟ್ಟಿಲು ಹತ್ತಿ, ವಾರ್ಡಿನ ನರ್ಸ್ ದುರ್ಗಾಳ ಮೇಜಿನ ಮುಂದೆ ನಿಂತಳು.

ದುರ್ಗಾ ಇಂಜೆಕ್ಷನ್ನಿನ ಟ್ರೇ ಹಿಡಿದು ಹೊರಟಿದ್ದವಳು ನಿಂತಳು. ಅವಳಿಗೂ ಸಾಕಾಗಿತ್ತು.

"ನೀವೇ ತಿನ್ಸಿ ಕಳ್ಸೋದು, ನೀವೇ ಬಂದು ನಮ್ಮನ್ನ ಕೇಳೋದು. ಚೆನ್ನಾಗೈತೆ ಅಕ್ಕಾರೆ."

ವಾಣಿಶ್ರೀಗೆ ನೆತ್ತಿಗೇರಿತು. ರಾತ್ರಿಯಿಂದ ಅಪ್ಪ ಒಂದು ಅಗುಳು ಮುಟ್ಟಿಲ್ಲ, ನಿನ್ನೆಯೂ ಮುಟ್ಟಿರಲಿಲ್ಲ, ಹಸಿದ ಮುದುಕರನ್ನು ಅತ್ತಿಂದಿತ್ತ ತಳ್ಳಾಡಿ ಈಗ ಸುಳ್ಳು ಬೇರೆ ಹೊರಿಸುತ್ತೀರಾ ಎಂದು ಕೇಳಿದಳು. ಕಣ್ಣಾರೆ ನೋಡಿದ್ದೇನೆ, ಎರಡು ದಿನವೂ ಅವರನ್ನು ಒಯ್ದ ಮೇಲೆ ತಟ್ಟೆಯಲ್ಲಿ ಬಾಳೆಹಣ್ಣಿನ ಸಿಪ್ಪೆ ಇತ್ತು, ನಾನೇ ಥಿಯೇಟರಿಗೆ ಫೋನು ಮಾಡಿ ತಿಳಿಸಿದ್ದು ಎಂದು ದುರ್ಗಾ ಅಂದಳು. ಥಿಯೇಟರಿಗೆ ತಿಳಿಸಲು ಬಾಯಿ ಇತ್ತು, ನಮಗೆ ತಿಳಿಸಲು ಇರಲಿಲ್ಲವಾ ಎಂದು ಇವಳು. ಪಡಸಾಲೆಯಲ್ಲಿ ಇದ್ದಬದ್ದವರೆಲ್ಲ ಇವರ ಕಡೆ ತಿರುಗಿದರು. ಗದ್ದಲ ಕೇಳಿ, ಅರಿವಳಿಕೆ ಕೊಡುವ ಡಾಕ್ಟರು ಮುಸರತ್ ಬಾಯಿಬಟ್ಟೆ ಗದ್ದಕ್ಕೆ ಇಳಿಸಿಕೊಂಡು ಬಂದರು. ಇಬ್ಬರ ದೂರನ್ನೂ ಕೇಳಿ, ಬರ್ರಿ, ಅವರನ್ನೇ ಕೇಳೋಣ ಎಂದು ನೇರ ಮಂಚದ ಬಳಿ ಹೋಗಿ ಸ್ಟೂಲು ಎಳೆದು ಕೂತರು. ಈ ಎರಡು ದಿನದಲ್ಲಿ ಆ ಸ್ಟೂಲಿನ ಮೇಲೆ ಆಸ್ಪತ್ರೆಯವರು ಕೂತದ್ದು ಅದೇ ಮೊದಲು.

"ಯಜಮಾನ್ರೆ, ಬೆಳಿಗ್ಗೆ ಏನು ತಿಂದ್ರಿ?"

"ಏನೂ ತಿಂದಿಲ್ಲ ಡಾಕ್ಟ್ರಮ್ಮ. ಲಿಂಗ ಮುಟ್ಟಿ ಹೇಳ್ತೀನಿ."

"ಬಾಳೆಹಣ್ಣು?"

"ಅದು ಪ್ರಸಾದ."

ಅದರಲ್ಲಿ ಕಪಟವಿರಲಿಲ್ಲ. ಬುದ್ಧಿ ಬಂದಂದಿನಿಂದ ಪಂಚಾಕ್ಷರಪ್ಪನವರು ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸಿ, ಪಾದೋದಕ ಕುಡಿದು, ಪ್ರಸಾದ ಸ್ವೀಕರಿಸಿಯೇ ದಿನ ಶುರುಮಾಡಿದವರು. ತಿನ್ನುವುದು ಎಂಬುದು ಅದೆಲ್ಲ ಮುಗಿದ ಮೇಲಿನ ಮಾತು. ಉಸಿರಾಡಿದ್ದನ್ನು ಯಾರಾದರೂ ಊಟ ಅನ್ನುತ್ತಾರೆಯೇ? ಎರಡು ದಿನವೂ ಹಣ್ಣು ಸುಲಿದುಕೊಟ್ಟವಳು ವಾಣಿಶ್ರೀಯೇ. ಕಾಲೇಜು ಓದಿದವಳು, ಅವಳ ಕಣ್ಣಿಗೂ ಅದು ಹಣ್ಣಾಗಿ ಕಂಡಿರಲಿಲ್ಲ. ಕಂಕುಳಲ್ಲಿದ್ದ ಧೋತರವನ್ನು ಅವಳು ಸುಮ್ಮನೆ ಇನ್ನೊಮ್ಮೆ ಮಡಿಸಿದಳು.

ಮುಸರತ್ ಹಣೆ ಒತ್ತಿಕೊಂಡರು. "ನನಗೆ ಫೋನ್‌ನಾಗೆ ಪೇಶಂಟ್ ತಿಂದಾರೆ ಅಂತ ಅಷ್ಟೇ ಬಂತು. ಇವತ್ತು ಮತ್ತೆ ಅದೇ ಬಂತು. ಕದ್ದು ತಿಂತಾರೆ ಅನ್ಕಂಡೆ."

"ಕದ್ದು," ಎಂದು ಪಂಚಾಕ್ಷರಪ್ಪ ಆ ಮಾತನ್ನು ಬಾಯಲ್ಲಿಟ್ಟು ನೋಡಿದರು. "ಶಿವನ ಎದುರಿಗೆ ತಗಂಡಿದ್ದು."

"ತಪ್ಪು ನಮ್ಮದೇ. ಈಗ ಕೇಳ್ರಿ. ನನ್ನ ಔಷಧಿಗೆ ನಿಮ್ಮ ಜೊತೆ ನಿಮ್ಮ ಗಂಟಲೂ ಮಲಗ್ತೈತೆ. ಅನ್ನ ಆ ಕಡೆ, ಉಸಿರು ಈ ಕಡೆ ಅಂತ ದಾರಿ ಕಾಯೋದು ಅದೇ. ಅದು ಮಲಗಿದಾಗ ಹೊಟ್ಟೆಯಾಗಿಂದು ಮೇಲೆ ಬಂದ್ರೆ ಶ್ವಾಸಕೋಶಕ್ಕೆ ಇಳಿದುಬಿಡ್ತೈತೆ. ಪ್ರಸಾದ ಆದ್ರೂ ಇಳಿತೈತೆ ಯಜಮಾನ್ರೆ, ಜೀವ ಹೋಗ್ತೈತೆ."

ಪಂಚಾಕ್ಷರಪ್ಪನವರು ದುರ್ಗಾಳ ಕಡೆ ತಿರುಗಿ, ಇದನ್ನು ಮೊದಲೇ ಹೇಳಬಾರದಿತ್ತೇ ತಾಯಿ ಎಂದು ಕೇಳಿದರು. ಖಾಲಿ ಹೊಟ್ಟೆ ಇರಬೇಕು ಅಂತ ಹೇಳಿದ್ದೆನಲ್ಲ ಎಂದು ಅವಳು.

"ಇರ್ಬೇಕು ಅಂದ್ರಿ. ಯಾಕ ಇರ್ಬೇಕು ಅಂತ ಹೇಳ್ಲಿಲ್ಲ."

ಇಷ್ಟು ಮಂಚಕ್ಕೆ ನಾನೊಬ್ಬಳೇ, ಒಬ್ಬೊಬ್ಬರಿಗೂ ಯಾಕಂದ್ರೆ ಯಾಕಂದ್ರೆ ಅಂತ ಹೇಳುತ್ತಾ ಕೂತರೆ ಸೂಜಿ ಚುಚ್ಚುವವರು ಯಾರು ಎಂದು ದುರ್ಗಾ ಗೋಡೆಗೆ ಹೇಳಿಕೊಂಡಳು. ಅದೂ ನಿಜವೇ. ಆದರೆ ಆ ಒಂದು ಮಾತಿನ ಸಮಯ ಉಳಿಸಲು ಹೋಗಿ ಎರಡು ದಿನ ಹೋಗಿತ್ತು, ಅವಳದೂ ಇವರದೂ.

ಲಿಂಗಪೂಜೆ ಬಿಡುವ ಮಾತು ಇರಲಿಲ್ಲ. ಬೆಳಗಿನ ಜಾವ ಒಂದು ಗುಟುಕು ಪಾದೋದಕಕ್ಕೆ ತೊಂದರೆಯಿಲ್ಲ, ಲಿಂಗದ ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಡುತ್ತೇವೆ ಎಂದು ಮುಸರತ್ ಒಪ್ಪಿದರು. ಉಳಿದದ್ದು ಹಣ್ಣು. ಎಡೆ ಇಟ್ಟದ್ದನ್ನು ಬಿಟ್ಟು ಏಳುವುದು ಹೇಗೆ ಎಂದು ಪಂಚಾಕ್ಷರಪ್ಪ ಚಿಂತೆಗೆ ಬಿದ್ದಾಗ, ಅಷ್ಟು ಹೊತ್ತೂ ಚೀಲದ ಬಾಯಿ ಹಿಡಿದು ನಿಂತಿದ್ದ ಬಸವಣ್ಣೆಮ್ಮ ಮಾತಾಡಿದರು.

"ಪ್ರಸಾದ ಕಾಯ್ತೈತೆ. ದೇವರಿಗೇನು ಅವಸರ ಐತೆ? ಅವಸರ ಇರದು ನಿಮ್ಮ ನಾಲಿಗೆಗೆ."

ಪಂಚಾಕ್ಷರಪ್ಪ ಹೆಂಡತಿಯ ಮುಖ ನೋಡಿ ನಕ್ಕುಬಿಟ್ಟರು. ಬಸವಣ್ಣೆಮ್ಮ ಚೀಲದಿಂದ ಲೋಟ ತೆಗೆದು ಮೇಜಿನ ಮೇಲಿಟ್ಟರು.

ಮರುದಿನ ಆಪರೇಷನ್ ಆಯಿತು. ಶಿವನ ದಯೆ, ಕರುಳು ಕೆಟ್ಟಿರಲಿಲ್ಲ. ಮಧ್ಯಾಹ್ನ ವಾರ್ಡಿಗೆ ಬಂದ ಪಂಚಾಕ್ಷರಪ್ಪ ಕಣ್ಣು ತೆರೆದವರೇ ಬಾಳೆಯೆಲೆಯಲ್ಲಿ ಸುತ್ತಿಟ್ಟ ಹಣ್ಣಿನ ಕಡೆ ನೋಡಿ, ಯಾವಾಗ ತಗೋಬಹುದು ಕೇಳಿಕೊಂಡು ಬಾ ಎಂದರು. ವಾಣಿಶ್ರೀ ಕೇಳಲು ಹೋದಳು. ಹೊಸ ಪಾಳಿಯ ನರ್ಸು, ಡಾಕ್ಟ್ರು ಬರ್ಲಿ ಅಂದಳು. ಯಾವ ಡಾಕ್ಟ್ರು ಎಂದರೆ ಕೌಂಟರಿನಲ್ಲಿ ಕೇಳಿ ಅಂದಳು. ಕೌಂಟರಿನವನು ಕಂಪ್ಯೂಟರು ನೋಡಿ, ಆಪರೇಷನ್ ಆಗೈತೆ ಅಂದ. ಕೈಮುಗಿದ ಹುಡುಗಿಯ ಚಿತ್ರಕ್ಕೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರೆ, ಡ್ಯೂಟಿ ಮುಗಿಸಿ ಹೆಗಲಿಗೆ ಬ್ಯಾಗು ಹಾಕಿಕೊಂಡಿದ್ದ ದುರ್ಗಾ ಅಪ್ಪನ ಮಂಚದ ಬಳಿ ನಿಂತಿದ್ದಳು.

"ದೀಪ ಹಚ್ಚೋ ಹೊತ್ತಿಗೆ ಎರಡು ಚಮಚ ನೀರು. ವಾಂತಿ ಆಗ್ಲಿಲ್ಲ ಅಂದ್ರೆ ಆಮೇಲೆ ಪ್ರಸಾದ. ಯಾಕಂದ್ರೆ," ಎಂದು ಒಂದು ಸಲ ನಿಂತು, "ವಾಂತಿ ಬಂದ್ರೆ ಹೊಲಿಗೆ ಎಳಿತೈತೆ, ಅದಕ್ಕೆ."

ಪಂಚಾಕ್ಷರಪ್ಪ ಮಲಗಿದ್ದಲ್ಲೇ ಕೈಮುಗಿದರು. ಪಕ್ಕದ ಮಂಚದಲ್ಲಿ ಕೊಂಡಜ್ಜಿ ಊರಿನ ಉಚ್ಚೆಂಗಪ್ಪ, ನಾಳೆ ಬೆಳಿಗ್ಗೆ ಥಿಯೇಟರಿಗೆ ಹೋಗಬೇಕಾದವನು, ಕಿವಿಗೊಟ್ಟು ಕೇಳುತ್ತಿದ್ದ. ಕಾಲ ಬಳಿ ಕೂತಿದ್ದ ಅವನ ಹೆಂಡತಿ ಕೆಂಚಕ್ಕ ಮಡಿಲಲ್ಲಿದ್ದ ಪೊಟ್ಟಣದ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಕೇಳಿದಳು.

"ಸಿಸ್ಟ್ರೆ, ಬೆಳಿಗ್ಗೆ ಒಂದು ಹಿಡಿ ಮಂಡಕ್ಕಿ ಆದ್ರೆ ನಡಿತೈತಲ್ಲ? ಅದ್ರಾಗೇನೈತೆ, ಬರೇ ಗಾಳಿ."

ದುರ್ಗಾ ಕಣ್ಣು ಮುಚ್ಚಿ ತೆರೆದಳು. ಹರಿಹರ ಕಡೆಯ ಅವಳ ಬಸ್ಸು ಹೊರಡುವ ಹೊತ್ತಾಗಿತ್ತು. ಹೆಗಲಿನ ಬ್ಯಾಗು ಇಳಿಸಿ ನೆಲಕ್ಕಿಟ್ಟು, ಆ ಸ್ಟೂಲನ್ನು ಕೆಂಚಕ್ಕನ ಕಡೆಗೆ ಎಳೆದುಕೊಂಡಳು.

"ಮಂಡಕ್ಕೀನೂ ಬ್ಯಾಡ," ಎಂದಳು. "ಯಾಕಂದ್ರೆ..."