ನಾಗಪ್ಪನಿಗೆ ತನಿ

ಜಕ್ಕೂರಿನ ಆ ಮನೆಗೆ ನಾಗಲಕ್ಷ್ಮಿ ಸೊಸೆಯಾಗಿ ಬಂದು ವರ್ಷ ತುಂಬುವ ಮೊದಲೇ ಅವಳ ಗಂಡ ನಾಗಭೂಷಣ ಹಾವು ತಂದ. ಗೆಳೆಯನೊಬ್ಬನ ಮನೆಯಲ್ಲಿ ನೋಡಿ ಮರುಳಾಗಿದ್ದ. ಸರ್ಕಾರಕ್ಕೆ ಕೊಡಬೇಕಾದ ಕಾಗದಪತ್ರವನ್ನೆಲ್ಲ ಕೊಟ್ಟು, ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಅಡಿಯಿಂದ ಬಿಸಿಯಾಗುವ ಗಾಜಿನ ಪೆಟ್ಟಿಗೆ ಮಾಡಿಸಿ, ಅದರಲ್ಲಿ ತಂದು ಬಿಟ್ಟ. ಆಫ್ರಿಕಾದ ಕಡೆಯ ಗಿಡ್ಡ ಹೆಬ್ಬಾವು, ಮೈಮೇಲೆ ಕಪ್ಪು-ಕಂದು ಚಿತ್ತಾರ. ವಿಷವಿಲ್ಲ, ಸಿಟ್ಟೂ ಇಲ್ಲ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ನಡುವೆ ಬಚ್ಚಿಟ್ಟುಕೊಳ್ಳುತ್ತಿತ್ತು.

ಅತ್ತೆ ಕೃಷ್ಣಮ್ಮನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಕೆರೆಯ ಕೆಳಗೆ ಗದ್ದೆಯಿದ್ದ ಕಾಲದಿಂದ ನಾಗರಕಲ್ಲಿಗೆ ನಡೆದುಕೊಂಡು ಬಂದ ಮನೆ ಅದು. ಗಂಡ ಚಿಕ್ಕಬೈರಪ್ಪ ಬದುಕಿದ್ದಾಗ ಬದುವಿನ ಮೇಲೆ ಹಾವು ಕಂಡರೆ ಕೈಮುಗಿದು, ಅದು ಹೋಗುವತನಕ ನಿಂತು ದಾರಿ ಬಿಡುತ್ತಿದ್ದ. ಈಗ ಗದ್ದೆಗಳೆಲ್ಲ ಅಪಾರ್ಟ್‌ಮೆಂಟುಗಳಾಗಿದ್ದವು. ಅರಳಿಕಟ್ಟೆಯ ಕಲ್ಲುಗಳಷ್ಟೇ ಉಳಿದಿದ್ದವು. ಇದು ನಾಗರಹಾವಲ್ಲ, ಇದಕ್ಕೂ ನಮ್ಮ ದೇವರಿಗೂ ಸಂಬಂಧವಿಲ್ಲ ಎಂದು ಮಗ ಎಷ್ಟು ಬಿಡಿಸಿ ಹೇಳಿದರೂ ಮುದುಕಿ ಕೇಳಲಿಲ್ಲ. ಆಫ್ರಿಕಾದ ಹಾವಾದರೇನು, ಹೊಟ್ಟೆ ಎಳೆದುಕೊಂಡು ಹೋಗುವುದೆಲ್ಲ ಸುಬ್ಬಪ್ಪದೇವರದೇ ಒಕ್ಕಲು ಎಂದು ಅವನ ಬಾಯಿ ಮುಚ್ಚಿಸಿದಳು.

ನಾಗಲಕ್ಷ್ಮಿಗೂ ಮೊದಮೊದಲು ಭಯವೇ. ಅವಳು ಆ ಕೋಣೆಗೆ ಕಾಲಿಟ್ಟದ್ದು ಮಗು ಹೋದ ಮೇಲೆ.

ಏಳು ತಿಂಗಳಿಗೇ ಹುಟ್ಟಿದ ಗಂಡು ಕೂಸು. ಹೆಬ್ಬಾಳದ ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಬಿಸಿಪೆಟ್ಟಿಗೆಯಲ್ಲಿ ಕೆಲವು ದಿನ ಇಟ್ಟಿದ್ದರು. ಒಮ್ಮೆ ನರ್ಸು ದುಂಡನೆಯ ಕಿಂಡಿಯೊಳಗೆ ಕೈ ಹಾಕಿ ಮುಟ್ಟಲು ಬಿಟ್ಟಿದ್ದಳು. ಅಂಗಾಲು ಬೆಚ್ಚಗಿತ್ತು. ಅದು ಹೋದ ದಿನ ನಾಗಲಕ್ಷ್ಮಿಗೇ ಜ್ವರ ಏರಿ ಕಣ್ಣು ಬಿಡಲಾಗುತ್ತಿರಲಿಲ್ಲ. ಗಂಡಸರು ಹೋಗಿ ಮಣ್ಣು ಮಾಡಿ ಬಂದರು. ಹಲ್ಲು ಬಾರದ ಕೂಸಿಗೆ ತಿಥಿಯಿಲ್ಲ, ತಾಯಿಯಾದವಳು ಆ ಜಾಗ ನೋಡಬಾರದು ಎಂದು ಹಿರಿಯರು ಅಂದರು. ಎದೆಹಾಲು ಬತ್ತಲು ಮಾತ್ರೆ ಕೊಟ್ಟರು. ಮನೆಗೆ ಬಂದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಕೃಷ್ಣಮ್ಮ ಮಾತ್ರ ಒಂದು ಸಲ ಎತ್ತಿದಳು. ಸೊಸೆಯ ತಲೆಗೆ ಎಣ್ಣೆ ಒತ್ತುತ್ತ, ಸಿಟ್ಟಿಲ್ಲದೆ, ಬೇಸರದಿಂದಲೇ ಹೇಳಿದಳು: "ನಾಗಪ್ಪನ್ನ ಕೂಡಾಕಿ ಒಟ್ಟೆ ಕೆಳಗೆ ಬೆಂಕಿ ಇಕ್ಕವ್ನೆ ನನ್ನ ಮಗ. ಆ ಉರಿ ಎಲ್ಲಿಗೋಯ್ತದೆ ಏಳು? ನಿನ್ನ ಬಸುರಿಗೇ ತಗುಲ್ತು."

ಅದಾದ ಮೇಲೆ ನಾಗಭೂಷಣ ಮಹಡಿ ಹತ್ತುವುದನ್ನೇ ಬಿಟ್ಟ. ತಾಯಿಯ ಮಾತನ್ನು ನಂಬಿದನೋ ಇಲ್ಲವೋ, ಅವನು ಹೇಳಲಿಲ್ಲ. ಬೆಳಗಾದರೆ ಕಟ್ಟಡದ ಕೆಲಸ ಎಂದು ಹೊರಟುಬಿಡುತ್ತಿದ್ದ. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತರಲು ಮೇಲೆ ಹೋದ ನಾಗಲಕ್ಷ್ಮಿ, ತೆರೆದ ಬಾಗಿಲಿನಿಂದ ಒಳಗೆ ನೋಡಿದಳು. ನೀರಿನ ಬಟ್ಟಲು ಒಣಗಿತ್ತು. ಹಾವು ಗಾಜಿಗೆ ಒತ್ತಿಕೊಂಡು ಬಿದ್ದಿತ್ತು. ಅವಳು ನೀರು ತಂದು ಹಾಕಿದಳು. ಮಾರನೆಯ ದಿನವೂ ಹೋದಳು.

ಮೆಲ್ಲಗೆ ಎಲ್ಲ ಕಲಿತಳು. ಹಾವಿಗೆ ತನ್ನದೆಂಬ ಬಿಸಿಯಿಲ್ಲ. ಹೊರಗೆ ಎಷ್ಟಿದೆಯೋ ಅದರ ಮೈಯೂ ಅಷ್ಟೇ. ಅದಕ್ಕೇ ಪೆಟ್ಟಿಗೆಯ ಒಂದು ತುದಿಯ ಅಡಿಗೆ ಕರೆಂಟಿನ ಚಾಪೆ ಹಾಸಿ ಬೆಚ್ಚಗಿಡಬೇಕು, ಇನ್ನೊಂದು ತುದಿ ತಂಪಾಗಿರಬೇಕು. ಚಳಿಯಾದರೆ ಅದು ಈಚೆ ಬರುತ್ತದೆ, ಸೆಕೆಯಾದರೆ ಆಚೆ ಸರಿಯುತ್ತದೆ. ಈ ಕಡೆ ಮೂವತ್ತೆರಡು ಡಿಗ್ರಿ, ಆ ಕಡೆ ಇಪ್ಪತ್ತಾರು. ಬಿಸಿ ಮೀರದಂತೆ ಕಾಯಲು ಥರ್ಮೋಸ್ಟಾಟ್ ಎಂಬ ಸಣ್ಣ ಡಬ್ಬಿ. ಅದರ ತಂತಿಯ ತುದಿ ಜಾಗ ಬಿಟ್ಟು ಸರಿದರೆ ಚಾಪೆ ಕಾದು ಹಾವಿನ ಹೊಟ್ಟೆ ಸುಟ್ಟೇಹೋಗುತ್ತದೆ. ಬಿಸಿ ಸಾಲದಿದ್ದರೆ ತಿಂದ ಇಲಿ ಒಳಗೇ ಕೊಳೆಯುತ್ತದೆ. ಕರೆಂಟು ಹೋದಾಗ ಅವಳು ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಒಳಗಿಡುತ್ತಿದ್ದಳು. ಹಾವು ನಿಧಾನವಾಗಿ ಬಂದು ಅದರ ಪಕ್ಕ ಸುತ್ತಿಕೊಳ್ಳುತ್ತಿತ್ತು. ಅಡುಗೆಯ ನಡುವೆ ಬೆಂಕಿ ಸಣ್ಣಗೆ ಮಾಡಿ ಮೇಲೆ ಹೋಗಿ ಡಿಗ್ರಿ ನೋಡಿ ಬರುವುದು ಅವಳಿಗೆ ರೂಢಿಯಾಯಿತು. ಹಾವಿನ ಮೇಲೆ ಪ್ರೀತಿ ಹುಟ್ಟಿತೆಂದಲ್ಲ. ಬೆಚ್ಚಗಿಡುವುದೊಂದು ಕೆಲಸವಿತ್ತು, ಅದನ್ನು ಅವಳಿಂದ ಯಾರೂ ಕಿತ್ತುಕೊಂಡಿರಲಿಲ್ಲ.

ಮೂರು ವರ್ಷ ಹೀಗೇ ಕಳೆಯಿತು. ನಾಲ್ಕನೆಯ ವರ್ಷದ ಡಿಸೆಂಬರಿನಲ್ಲಿ ಅವಳ ತಂಗಿಯ ಮಗುವಿಗೆ ನಾಮಕರಣ ಬಂತು. ತವರು ಚಿಕ್ಕಬಳ್ಳಾಪುರದ ಕಡೆ. ಹೋಗಲು ಮನಸ್ಸಿರಲಿಲ್ಲ, ಆದರೆ ಹೋಗದಿದ್ದರೆ ಕಣ್ಣುರಿ ಎನ್ನುತ್ತಾರೆ. ಪೆಟ್ಟಿಗೆಯ ಕಡೆ ನೋಡಿಕೊಳ್ಳಿ, ಈಗ ಚಳಿ ಜಾಸ್ತಿ ಎಂದು ಗಂಡನಿಗೆ ಎರಡೆರಡು ಸಲ ಹೇಳಿ ಹೊರಟಳು. ಅವನು ಆಯ್ತು ಎಂದ. ಅಲ್ಲಿ ತೊಟ್ಟಿಲು ತೂಗುವಾಗ ಯಾರೋ ಮುದುಕಿಯೊಬ್ಬಳು ಅವಳನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. ಅವಳು ಸರಿದು ನಿಂತಳು. ತಾಯಿಯ ಬಲವಂತಕ್ಕೆ ವಾರದ ಮೇಲೆ ಉಳಿದು ವಾಪಸು ಬಂದಳು.

ಬಂದವಳು ಚೀಲ ಇಟ್ಟು ನೇರ ಮೇಲೆ ಹೋದಳು. ಬಾಗಿಲು ತೆರೆಯುತ್ತಲೇ ಒಡೆದ ಹಾಲಿನ ಹುಳಿವಾಸನೆ. ಪೆಟ್ಟಿಗೆಯ ತಳವೆಲ್ಲ ಒದ್ದೆ, ಅದರ ಮೇಲೆ ಅರಿಶಿನ, ಕೊಳೆತ ಸೇವಂತಿಗೆ ಎಸಳು, ನೆನೆದ ಚಿಗಳಿ-ತಂಬಿಟ್ಟು. ಸ್ವಿಚ್ ಆರಿಸಿ ಪ್ಲಗ್ ಕಿತ್ತಿಟ್ಟಿತ್ತು. ಎರಡೂ ತುದಿಯಲ್ಲಿ ಹತ್ತೊಂಬತ್ತು ಡಿಗ್ರಿ. ಹಾವು ತಲೆಯನ್ನು ಮೇಲಕ್ಕೆತ್ತಿ, ಬಾಯನ್ನು ಅರ್ಧ ತೆರೆದು ನಿಂತಿತ್ತು. ಉಸಿರು ಬಿಟ್ಟಾಗ ಸೀಟಿಯಂಥ ಸಣ್ಣ ಸದ್ದು. ಬಾಯಂಚಿನಲ್ಲಿ ನೊರೆ.

ಕೃಷ್ಣಮ್ಮ ಅವಳ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದಳು. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಸಮಾಧಾನವಿತ್ತು.

"ಸುಬ್ಬಪ್ಪನ ಷಷ್ಠಿ ಬಂತಲ್ಲ, ತನಿ ಎರೆದೆ ಕಣವ್ವ. ಬೆಂಕಿ ಆರಿಸ್ದೆ. ದಿನಾ ಬಂದು ಆಲು ಉಯ್ದು ತಣ್ಣಗೆ ಮಾಡಿವ್ನಿ. ನಿನ್ನ ಒಟ್ಟೆ ಇನ್ನು ತಂಪಾಯ್ತದೆ."

ನಾಗಲಕ್ಷ್ಮಿ ಅತ್ತೆಯ ಕಡೆ ತಿರುಗಿದಳು. ಅತ್ತೆ ಯಾವುದಕ್ಕಾಗಿ ಮಾಡಿದ್ದಳೆಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಮಂಡಿನೋವಿನ ಮುದುಕಿ ಅಷ್ಟು ದಿನವೂ ಹಾಲಿನ ಚೊಂಬು ಹಿಡಿದು ಆ ಮೆಟ್ಟಿಲು ಹತ್ತಿದ್ದಳು. ನಾಗಭೂಷಣ ಒಂದು ದಿನವೂ ಹತ್ತಿರಲಿಲ್ಲ.

ಹಾವನ್ನು ದಿಂಬಿನ ಚೀಲದಲ್ಲಿ ಹಾಕಿ, ಸೆರಗಿನೊಳಗೆ ಮೈಗೆ ಒತ್ತಿಕೊಂಡು ಆಟೋದಲ್ಲಿ ಆರ್.ಟಿ. ನಗರಕ್ಕೆ ಹೋದಳು. ಅಲ್ಲಿ ಮಸೀದಿ ರಸ್ತೆಯ ಪಕ್ಕದ ಕ್ಲಿನಿಕ್ಕಿನಲ್ಲಿ ರುಖ್ಸಾರ್ ಎಂಬ ಡಾಕ್ಟರಮ್ಮ ಹಾವು, ಆಮೆ, ಗಿಳಿಗಳನ್ನೂ ನೋಡುತ್ತಿದ್ದರು. ಅವರು ಬಾಯಿ ಬಿಡಿಸಿ ನೋಡಿ, ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಚಳಿಯೊಂದೇ ಆಗಿದ್ದರೆ ತಡೆದುಕೊಳ್ಳುತ್ತಿತ್ತೇನೋ, ಚಳಿಯ ಜೊತೆ ತೇವವೂ ಸೇರಿಬಿಟ್ಟಿದೆ. ಇಂಜೆಕ್ಷನ್ ಚುಚ್ಚುವುದನ್ನು ಅವಳಿಗೇ ಹೇಳಿಕೊಟ್ಟರು. ಹೊರಡುವಾಗ ಅವಳ ಮುಖ ನೋಡಿ, "ನಿಮ್ಮ ತಪ್ಪಿಲ್ಲಮ್ಮ. ಆದ್ರೆ ಆಸೆ ಜಾಸ್ತಿ ಇಟ್ಕೋಬೇಡಿ" ಅಂದರು.

ನಾಗಲಕ್ಷ್ಮಿ ಪೆಟ್ಟಿಗೆ ತೊಳೆದು ಒಣಗಿಸಿ, ಹೊಸ ಹಾಸು ಹಾಕಿ, ಬಿಸಿಯನ್ನು ಡಾಕ್ಟರು ಹೇಳಿದಷ್ಟಕ್ಕೆ ಏರಿಸಿದಳು. ಊಟಕ್ಕೂ ಅಲ್ಲೇ ಕೂತಳು. ಡಿಗ್ರಿ ಅಲುಗಾಡದೆ ನಿಂತಿತ್ತು, ಹಾವೇ ಇಳಿಯುತ್ತ ಹೋಯಿತು. ಬೆಚ್ಚಗಿನ ತುದಿಗೆ ಬರುವುದನ್ನೂ ಬಿಟ್ಟು ಬಿದ್ದಲ್ಲೇ ಬಿದ್ದಿರುತ್ತಿತ್ತು. ಒಂದು ಬೆಳಿಗ್ಗೆ ಇಂಜೆಕ್ಷನ್‌ಗೆಂದು ಎತ್ತಿದಾಗ ಹಗ್ಗದ ಹಾಗೆ ಎರಡೂ ಕಡೆ ಜೋತುಬಿತ್ತು. ಚಾಪೆಯ ಮೇಲಿದ್ದುದರಿಂದ ಮೈ ಇನ್ನೂ ಬೆಚ್ಚಗೇ ಇತ್ತು. ಬಹಳ ಹೊತ್ತು ಅವಳು ಕೆಳಗೆ ಬಂದು ಹೇಳಲಿಲ್ಲ.

ಹೇಳಿದಾಗ ಕೃಷ್ಣಮ್ಮ ಕುಸಿದು ಕೂತಳು. ಹೊರಗೆ ಹೋಗಲಿ ಎಂದು ವರ್ಷಗಟ್ಟಲೆ ಬೇಡಿಕೊಂಡ ಹಾವು ಅವಳೇ ಎರೆದ ತನಿಯಿಂದ ಸತ್ತಿತ್ತು. ಸರ್ಪಹತ್ಯೆ. ಮನೆತನಕ್ಕೆ ಇನ್ನು ಉಳಿಗಾಲವಿಲ್ಲವೆಂದು ಎದೆ ಬಡಿದುಕೊಂಡಳು, ಅನ್ನ ಬಿಟ್ಟಳು. ನಾಗಭೂಷಣ ಹೆದರಿ ಪುರೋಹಿತರನ್ನು ಕರೆಸಿದ. ಮನುಷ್ಯರಿಗೆ ಮಾಡುವ ಹಾಗೇ ಸಂಸ್ಕಾರ ಮಾಡಬೇಕು, ಮಗನ ಸ್ಥಾನದಲ್ಲಿ ನಿಂತು ಯಜಮಾನನೇ ಮಾಡಬೇಕು ಎಂದು ಅವರು ಹೇಳಿದರು.

ಹಾಗೇ ಆಯಿತು. ಹಾವಿಗೆ ಅರಿಶಿನ ನೀರಿನ ಸ್ನಾನ ಮಾಡಿಸಿ ಬಿಳಿ ಬಟ್ಟೆ ಹೊದಿಸಿದರು. ನಾಗಭೂಷಣ ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ ಮಡಕೆ ಹೊತ್ತು ಸುತ್ತು ಬಂದ. ಗಂಧದ ಚೆಕ್ಕೆ, ತುಪ್ಪ ಹಾಕಿ ಸುಟ್ಟರು. ಮನೆಯಲ್ಲಿ ಸೂತಕ ಹಿಡಿದರು, ಒಗ್ಗರಣೆ ನಿಂತಿತು. ನೆಂಟರು ಬಂದು ಜಗಲಿಯಲ್ಲಿ ಕೂತು ಹೋದರು. ಪಕ್ಕದ ಮನೆಯ ಮುನಿನಾರಾಯಣಮ್ಮ ಅತ್ತೆಯ ಕೈ ಹಿಡಿದು ಅತ್ತಳು. ತಿಥಿಯ ದಿನ ಶಾಮಿಯಾನ ಹಾಕಿಸಿ ಊರಿಗೆಲ್ಲ ಊಟ ಎಂದಾಯಿತು.

ನಾಗಲಕ್ಷ್ಮಿ ಇದನ್ನೆಲ್ಲ ನೋಡುತ್ತಿದ್ದಳು. ಕೇಳಿದ ಕೆಲಸ ಮಾಡುತ್ತಿದ್ದಳು. ತಿಥಿಯ ಬೆಳಿಗ್ಗೆ ಎಡೆಗೆ ಎಲೆ ಒರೆಸುತ್ತಿದ್ದವಳು ಒರೆಸುವ ಬಟ್ಟೆ ಕೆಳಗಿಟ್ಟು ಗಂಡನ ಮುಂದೆ ಬಂದು ನಿಂತಳು.

"ರೀ, ಮಗೂನ ಎಲ್ಲಿ ಇಟ್ರಿ?"

ಅವನು ಅರ್ಥವಾಗದವನ ಹಾಗೆ ನೋಡಿದ. ಅರ್ಥವಾಗಿತ್ತು.

"ಈಗ ಯಾಕೆ ಅದು, ಲಕ್ಷ್ಮಿ."

"ಒಂದ್ಸಲ ನೋಡ್ಬೇಕು."

ಕೃಷ್ಣಮ್ಮ ಒಳಗಿನಿಂದ ಕೇಳಿಸಿಕೊಂಡಳು. ತಾಯಿ ಆ ಜಾಗ ತುಳಿಯಬಾರದೆಂಬ ಮಾತನ್ನು ಈ ಸಲ ಅವಳು ಆಡಲಿಲ್ಲ. ಮಗನಿಗೆ, ಕರ್ಕೊಂಡೋಗು ಎಂದಷ್ಟೇ ಹೇಳಿದಳು.

ಅವನು ಬೈಕು ತೆಗೆದ. ಏರೋಡ್ರೋಮಿನ ಕಾಂಪೌಂಡು ದಾಟಿ, ಅವರದೇ ಹಳೆಯ ತೋಟದ ಕಡೆ ತಿರುಗಿಸಿದ. ತೋಟವೆಂದರೆ ಹೆಸರಿಗೆ. ಬಿಲ್ಡರ್‌ಗೆ ಪಾಲಿನ ಮೇಲೆ ಕೊಟ್ಟ ಆ ಜಾಗದಲ್ಲಿ ಈಗ ಎತ್ತರದ ಮೂರು ಬ್ಲಾಕುಗಳು ಎದ್ದಿದ್ದವು. ಆಗಲೇ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು. ಗೇಟಿನವನು ನಾಗಭೂಷಣನ ಬೋಳುತಲೆ ನೋಡಿ ಮೊದಲು ಗುರುತು ಹಿಡಿಯಲಿಲ್ಲ. ಆಮೇಲೆ ಸೆಲ್ಯೂಟ್ ಹೊಡೆದು ಬಿಟ್ಟ.

ಕಾರುಗಳು ನೆಲಮಾಳಿಗೆಗೆ ಇಳಿಯುವ ಇಳಿಜಾರಿನ ಹತ್ತಿರ ಅವನು ನಿಂತ. ಇಲ್ಲೊಂದು ಹೊಂಗೆಮರವಿತ್ತು, ಅದರ ಬುಡದಲ್ಲಿ, ಎಂದ. ಇಲ್ಲೇ ಎಲ್ಲೋ.

ನಾಗಲಕ್ಷ್ಮಿ ಸಿಮೆಂಟಿನ ಇಳಿಜಾರನ್ನು ನೋಡಿದಳು. ಕೆಳಗೆ ಕತ್ತಲಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು.

"ಅಗೆಯುವಾಗ ನಿಮಗೆ ಗೊತ್ತಿತ್ತು."

"ಆ ಮೂಲೆ ಬಿಡಿ ಅಂತ ಅಂದಿದ್ದೆ. ಯಾಕೆ ಅಂತ ಹೇಳೋಕಾಗ್ಲಿಲ್ಲ. ಪ್ಲಾನಲ್ಲಿ ಇದು ಇಲ್ಲೇ ಬಂತು."

"ಆ ಮಣ್ಣು?"

"ಲಾರೀಲಿ ಹೋಯ್ತು. ಹುಣಸಮಾರನಹಳ್ಳಿ ಕಡೆ ಯಾರೋ ಹಳ್ಳ ತುಂಬಿಸ್ಕೊಂಡ್ರು ಅಂದ್ರು. ಸರಿಯಾಗಿ ಗೊತ್ತಿಲ್ಲ."

ಕೆಳಗಿನಿಂದ ಕಾರೊಂದು ಹಾರ್ನ್ ಮಾಡುತ್ತ ಬಂತು. ಇಬ್ಬರೂ ಪಕ್ಕಕ್ಕೆ ಸರಿದರು. ಕಾರು ಹೋದ ಮೇಲೆ ನಾಗಭೂಷಣ ಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡ. ಮಗು ಹೋದಂದಿನಿಂದ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ. ಸಮಾಧಾನ ಮಾಡಬೇಕೆಂದು ಅವಳಿಗೆ ಅನಿಸಲಿಲ್ಲ, ಬಯ್ಯಬೇಕೆಂದೂ ಅನಿಸಲಿಲ್ಲ. ಬಿಸಿಲು ಅವನ ಬೋಳುತಲೆಯ ಮೇಲೆ ಬೀಳುತ್ತಿತ್ತು.

"ಹೆಸರು ಏನಾದ್ರೂ ಅಂದ್ಕೊಂಡಿದ್ಯಾ?" ಅಂತ ಅವನು ಕೇಳಿದ.

"ಅಂದ್ಕೊಂಡಿದ್ದೆ."

ಏನೆಂದು ಅವನು ಮತ್ತೆ ಕೇಳಿದ. ಅವಳು ಬೈಕಿನ ಕಡೆ ನಡೆದಳು.

ಮನೆಗೆ ಬಂದಾಗ ಪಂಕ್ತಿ ಶುರುವಾಗಿತ್ತು. ನಾಗಲಕ್ಷ್ಮಿ ಕೈಕಾಲು ತೊಳೆದು ಬಡಿಸಲು ನಿಂತಳು. ಕೃಷ್ಣಮ್ಮ ದೂರದಿಂದ ಅವಳನ್ನೇ ನೋಡುತ್ತಿದ್ದಳು. ಎಲ್ಲರೂ ಉಂಡು ಎದ್ದ ಮೇಲೆ ಅತ್ತೆ ತಾನೇ ಒಂದು ಎಲೆ ಹಾಕಿ ಕರೆದಳು. ಹಸಿವಿಲ್ಲ ಎಂದು ಹೇಳಿ ನಾಗಲಕ್ಷ್ಮಿ ಎಂಜಲೆಲೆ ಬಳಿಯತೊಡಗಿದಳು.