ಖಲ್ಬಿನ ನೋವು

“ದೂರ ನಿಲ್ಲು ಬೇವರ್ಸಿ, ಹೊಗೆಸೊಪ್ಪಿನ ನಾತ ಹೊಡೀತದೆ,” ಎಂದು ವಾರ್ಡಿನ ಆಳು ಪೀಟರ್ ಕುಂಞಿಪಾತುಮ್ಮನನ್ನು ಗೋಡೆಗೆ ತಳ್ಳಿದ. ಕಾಪುವಿನಲ್ಲಿ ಬೀಡಿ ಕಟ್ಟಿ ಕಟ್ಟಿ ಅವಳ ಬೆರಳುಗಳೇ ಹೊಗೆಸೊಪ್ಪಾಗಿದ್ದವು. ತೊಳೆದರೆ ಹೋಗುವ ನಾತವೇ ಅದು? ಮೊಲೆಯ ಗಡ್ಡೆಗೆ ಹೊಸ ಇಂಜೆಕ್ಷನ್ ಬಂದಿದೆ, ಪರೀಕ್ಷೆಗೆಂದು ಪುಕ್ಕಟೆ ಕೊಡುತ್ತಾರೆ ಎಂದು ಕೇಳಿ ಮಗಳು ಆಸ್ಯಾ ಅವಳನ್ನು ಈ ದೊಡ್ಡಾಸ್ಪತ್ರೆಗೆ ಕರೆತಂದಿದ್ದಳು. ಅದು ಬಿಟ್ಟರೆ ಬದುಕಲು ಬೇರೆ ದಾರಿ ಇರಲಿಲ್ಲ.

ದೊಡ್ಡ ಡಾಕ್ಟರು ತಲೆ ಎತ್ತದೆ ಕೇಳಿದರು, “ಹೃದಯದ ನೋವು ಉಂಟಾ?”

ಎದೆನೋವು ಎಂದಿದ್ದರೆ ಅವಳು ಇಲ್ಲ ಎನ್ನುತ್ತಿದ್ದಳು. ಹೃದಯ ಎಂಬ ಪುಸ್ತಕದ ಮಾತನ್ನು ತನ್ನ ಬ್ಯಾರಿ ಭಾಷೆಯ ‘ಖಲ್ಬ್’ ಎಂದು ತಿಳಿದಳು. ದುಃಖ ಕೂರುವ ಜಾಗ ಅದು. ಇಷ್ಟು ದೊಡ್ಡ ಮನುಷ್ಯ ತನ್ನ ದುಃಖ ವಿಚಾರಿಸುತ್ತಿದ್ದಾನಲ್ಲ ಎಂದು ಅವಳ ಕಣ್ಣು ತುಂಬಿತು.

“ಉಂಟು ಡಾಕ್ಟ್ರೇ. ನನ್ನ ಮಗ ಸಯೀದ್ ದುಬೈಗೆಂದು ಲಾಂಚ್ ಹತ್ತಿದವ ಕಡಲಲ್ಲೇ ಹೋದ. ಅಂದಿನಿಂದ ಉಂಟು.”

“ಹೃದಯ ಸರಿ ಇಲ್ಲದವರಿಗೆ ಈ ಮದ್ದು ಕೊಡಲಿಕ್ಕಿಲ್ಲ. ನಿಂತೇ ಹೋದೀತು. ಮುಂದಿನವರು ಬನ್ನಿ.”

ಆಸ್ಯಾ ಅಡ್ಡ ಬಂದಳು. “ಅದು ಆ ನೋವಲ್ಲ ಡಾಕ್ಟ್ರೇ. ಅಣ್ಣ ಸತ್ತದ್ದನ್ನು ಹೇಳಿದ್ದು. ಒಮ್ಮೆ ಎದೆಗೆ ಕೊಳವೆ ಇಟ್ಟಾದರೂ ನೋಡಿ.”

“ನೀನು ನನಗೆ ಕಲಿಸುವುದಾ?” ಎಂದ ಡಾಕ್ಟರು ಈಗ ಗಡ್ಡೆಯ ಕಡೆ ನೋಡಿದರು. “ಕಲಿಯುವ ಮಕ್ಕಳಿಗೆ ತೋರಿಸಲಿಕ್ಕೆ ಒಳ್ಳೆಯದುಂಟು. ಪೀಟರ್, ಮಂಚ ಹತ್ತಿಸು.”

ಕುಪ್ಪಸ ಬಿಚ್ಚಿಸಿ ಮಲಗಿಸಿದರು. ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರು ಸುತ್ತ ನಿಂತು ಸರದಿಯಲ್ಲಿ ಗಡ್ಡೆ ಹಿಚುಕಿದರು. ಲೊರ್ನಾ ಎಂಬ ಹುಡುಗಿ ಮಾತ್ರ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು.

“ಸರ್, ಇವರ ಹಾರ್ಟ್ ಸರಿ ಉಂಟಲ್ಲ?”

“ಮದ್ದಿನ ಪಟ್ಟಿಯಲ್ಲಿ ಇವಳ ಜಾಗಕ್ಕೆ ಬೇರೆಯವರು ಬಂದಾಯಿತು. ನೀನು ಗಡ್ಡೆ ನೋಡು.”

ಡಾಕ್ಟರು ಕೇಳಿದ್ದು ಖಲ್ಬಿನ ನೋವಲ್ಲ, ಮದ್ದೂ ಇನ್ನು ಸಿಗುವುದಿಲ್ಲ ಎಂದು ಕುಂಞಿಪಾತುಮ್ಮನಿಗೆ ಆಗ ಅರ್ಥವಾಯಿತು. ಎದ್ದು ಕೂತು ಕುಪ್ಪಸ ಎಳೆದುಕೊಂಡಳು.

“ಮಲಗೇ ಮುದುಕಿ,” ಎಂದು ಪೀಟರ್ ಹೆಗಲು ಒತ್ತಿದ. ಅವಳು ಹೊಗೆಸೊಪ್ಪಿನ ಕೈಯನ್ನು ಅವನ ಮೂಗಿಗೇ ಹಿಡಿದಳು. ಅವನು ಹಿಂದೆ ಸರಿದ.

“ಮದ್ದಿಗೆ ಆಗದ ಎದೆ ನಿಮಗೆ ನೋಡಲಿಕ್ಕೂ ಆಗುವುದಿಲ್ಲ,” ಎಂದು ಡಾಕ್ಟರಿಗೆ ಹೇಳಿ ಮಂಚ ಇಳಿದಳು.

ಬಸ್ಸಿಗೆ ನಿಂತಾಗ ಆಸ್ಯಾ ಅಳುತ್ತಿದ್ದಳು. “ಉಮ್ಮಾ, ಇಲ್ಲ ಅಂತ ಒಂದು ಮಾತು ಹೇಳಿದ್ದರೆ ಆಗ್ತಿತ್ತು.”

“ಸಯೀದನ ನೋವು ಇಲ್ಲ ಅಂತ ಹೇಗೆ ಹೇಳಲಿ ಮಗಳೇ?”

ಮನೆಗೆ ಬಂದು ಅವಳು ಬೀಡಿಯ ಮೊರ ಎಳೆದುಕೊಂಡಳು. ಅದರ ಅಂಚು ಗಡ್ಡೆಗೆ ತಾಗುತ್ತಿತ್ತು.